ಮೌಂಟ್ ರೋಡಿನ ಬಾಡಿಗೆದಾರರು

ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ಕಡೆಯಿಂದ ಹೊರಟು ನೈಋತ್ಯಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಸೇಂಟ್ ಥಾಮಸ್ ಮೌಂಟ್ ಬೆಟ್ಟ ಸಿಗುತ್ತದೆ. ಕೋಟೆಯ ದೊರೆಗಳು ಬೆಟ್ಟಕ್ಕೆ ಹೋಗಿಬರಲು ಮಾಡಿಕೊಂಡ ದಾರಿಯೇ ಮೌಂಟ್ ರೋಡ್. ಅಣ್ಣಾದೊರೈ ತೀರಿಕೊಂಡ ಮೇಲೆ ಅದು ಅಣ್ಣಾ ಸಾಲೈ ಆಯಿತು. ಫಲಕಗಳಲ್ಲಿ ಹೊಸ ಹೆಸರಿದೆ. ಆಟೋದವರ ಬಾಯಲ್ಲಿ ಇನ್ನೂ ಹಳೆಯದೇ. ಈ ರಸ್ತೆಯಲ್ಲಿ ನೋಡಬೇಕಾದ್ದೆಲ್ಲ ಮೊದಲ ನಾಲ್ಕೈದು ಕಿಲೋಮೀಟರಿನೊಳಗೇ ಇದೆ. ಅಷ್ಟನ್ನು ನಡೆದೇ ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿತ್ತು. ಜೊತೆಗೆ ಚಿಕ್ಕಪ್ಪ ಬಂದರು. ಹೆಚ್ಚಿನ ಕನ್ನಡ ಸಿನಿಮಾಗಳು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಎಡಿಟಿಂಗ್ ಕೆಲಸ ಹುಡುಕಿಕೊಂಡು ಉಡುಪಿ ಕಡೆಯಿಂದ ಬಂದು, ಇಂಡಸ್ಟ್ರಿ ಬೆಂಗಳೂರಿಗೆ ಹೊರಟುಹೋದ ಮೇಲೂ ಇಲ್ಲೇ ಉಳಿದವರು ಅವರು.

ಕೂವಂ ನದಿಗಿಂತ ಮೊದಲು, ರಸ್ತೆಯ ನಡುವೆ, ಕುದುರೆಯ ಮೇಲೆ ಕೂತ ಥಾಮಸ್ ಮನ್ರೋ ಸಿಗುತ್ತಾನೆ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಮಾಡಿದ ಈ ಕಂಚಿನ ಪ್ರತಿಮೆ ಇಲ್ಲಿಗೆ ಬಂದದ್ದು 1839ರಲ್ಲಿ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ ಎಂದು ಮದರಾಸಿನವರು ಇಂದಿಗೂ ನಗುತ್ತಾರೆ. ಟಿಪ್ಪುವಿನ ವಿರುದ್ಧದ ಯುದ್ಧಗಳಲ್ಲಿ ಇದ್ದವನು, ಆಮೇಲೆ ಕೆನರಾದ ಕಲೆಕ್ಟರ್, ಅದಾದ ಮೇಲೆ ಬಳ್ಳಾರಿ ಕಡೆಯ ಜಿಲ್ಲೆಗಳಲ್ಲಿ ರೈತವಾರಿ ಕಂದಾಯ ಪದ್ಧತಿಯನ್ನು ಬೇರೂರಿಸಿದವನು. ಮಂತ್ರಾಲಯದಲ್ಲಿ ರಾಯರು ಬೃಂದಾವನದಿಂದಲೇ ಅವನೊಡನೆ ಮಾತಾಡಿದರೆಂಬ ಐತಿಹ್ಯ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ಚಿಕ್ಕಪ್ಪ ಚಪ್ಪಲಿ ಬಿಚ್ಚಲಿಲ್ಲ, ಆದರೆ ತಲೆ ತಗ್ಗಿಸಿದರು. "ರಾಯರ ದರ್ಶನ ಆದವನಲ್ವಾ ಮಾರಾಯ, ಒಂದು ನಮಸ್ಕಾರ ಹಾಕಿದರೆ ಗಂಟು ಹೋಗುವುದು ಎಂತ ಉಂಟು?"

ಸೇತುವೆ ದಾಟಿದೊಡನೆ ಸಿಂಪ್ಸನ್ ಕಂಪನಿ. 1840ರಲ್ಲಿ ಇದು ಸಾರೋಟು ಕಟ್ಟುವ ಕಾರ್ಖಾನೆ. ನವಾಬರಿಗೆ, ಮಹಾರಾಜರಿಗೆ, ಗವರ್ನರನಿಗೆ ಕುದುರೆಗಾಡಿಗಳು ಇಲ್ಲಿಂದಲೇ ಹೋಗುತ್ತಿದ್ದವು. ಕುದುರೆಯ ಕಾಲ ಮುಗಿಯಿತೆಂದು ಗೊತ್ತಾದಾಗ ಮೋಟಾರು ಗಾಡಿಗಳ ಮೈ ಕಟ್ಟತೊಡಗಿತು. 1910ರಲ್ಲಿ, ಇದೇ ರಸ್ತೆಯಲ್ಲಿ ಹೋಟೆಲು ನಡೆಸುತ್ತಿದ್ದ ಡಿ'ಆಂಜೆಲಿಸ್ ಎಂಬಾತ ತಾನು ವಿನ್ಯಾಸ ಮಾಡಿದ ವಿಮಾನವನ್ನು ಸಿಂಪ್ಸನ್ನಿನವರ ಕೈಯಲ್ಲಿ ಕಟ್ಟಿಸಿ ಪಲ್ಲಾವರಂನಲ್ಲಿ ಹಾರಿಸಿದ. ಕಡೆಗೆ ಕಂಪನಿ ಡೀಸೆಲ್ ಎಂಜಿನ್ನಿಗೆ ಬಂದು ನಿಂತಿತು. ಸಾರೋಟಿನಿಂದ ಟ್ರ್ಯಾಕ್ಟರ್ ಎಂಜಿನ್ನಿನವರೆಗೆ ಎಲ್ಲ ಬದಲಾದರೂ ಹೆಸರೂ ವಿಳಾಸವೂ ಬದಲಾಗಲಿಲ್ಲ. ಪಕ್ಕದಲ್ಲಿ 'ದಿ ಮೇಲ್' ಪತ್ರಿಕೆಯ ಕಟ್ಟಡವಿದೆ. ಪತ್ರಿಕೆ 1981ರಲ್ಲಿ ನಿಂತಿತು, ಕಟ್ಟಡ ನಿಂತೇ ಇದೆ.

"ಕಟ್ಟಡ ನೋಡಿಕೊಂಡು ಬಾಯಿಬಿಡಬೇಡ. ಯಾರ ಜಾಗ ಅಂತ ಕೇಳು" ಎಂದರು ಚಿಕ್ಕಪ್ಪ. ಮದರಾಸಿನಲ್ಲಿ ಹತ್ತಾರು ಬಾಡಿಗೆ ಮನೆ ಬದಲಿಸಿದವರ ಮಾತು ಅದು. ಮುಂದಿನ ದಾರಿಯುದ್ದಕ್ಕೂ ನಾನು ಅದೇ ಪ್ರಶ್ನೆ ಹಿಡಿದುಕೊಂಡು ನಡೆದೆ.

ಸಿಂಪ್ಸನ್ ದಾಟಿದರೆ ಸಿಗುವ ಓಮಂದೂರಾರ್ ಎಸ್ಟೇಟಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ: ಸರ್ಕಾರದ ಜಾಗ. ಮೆಟ್ಟಿಲ ಸಾಲಿನ ಮೇಲೆ ದಪ್ಪ ಕಂಬಗಳನ್ನಿಟ್ಟುಕೊಂಡು ನಿಂತ ರಾಜಾಜಿ ಹಾಲ್ ಮೊದಲಿಗೆ ಗವರ್ನರನ ಔತಣದ ಮಂಟಪ. 1802ರಲ್ಲಿ ಮುಗಿದದ್ದು. ಕಟ್ಟಿದವನು ಜಾನ್ ಗೋಲ್ಡಿಂಗ್‌ಹ್ಯಾಮ್, ಮದರಾಸಿನ ವೀಕ್ಷಣಾಲಯದ ಖಗೋಳಶಾಸ್ತ್ರಜ್ಞ. ಕಟ್ಟಿಸಿದ ಕಾರಣ ಮಾತ್ರ ನಮ್ಮ ನಾಡಿನದು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದರ ವಿಜಯೋತ್ಸವ. ಕಟ್ಟಡದ ಒಂದು ಬದಿಯ ನೆತ್ತಿಯಲ್ಲಿ ಪ್ಲಾಸಿಯ ಗೆಲುವಿನ ನೆನಪು, ಇನ್ನೊಂದರಲ್ಲಿ ಶ್ರೀರಂಗಪಟ್ಟಣದ್ದು. ಟಿಪ್ಪು ಸತ್ತ ಊರನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ನಮ್ಮಂಥವರಿಗೆ, ಆ ಸಾವಿನ ಹಬ್ಬದೂಟಕ್ಕೆಂದು ಕಟ್ಟಿದ ಹಾಲ್ ಇಲ್ಲಿದೆ ಎನ್ನುವುದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಕಟ್ಟಡಕ್ಕೆ ಆ ಹಟವಿಲ್ಲ. ಸ್ವಾತಂತ್ರ್ಯದ ನಂತರ ರಾಜಾಜಿಯವರ ಹೆಸರು ಹೊತ್ತಿತು. ಅಣ್ಣಾದೊರೈ, ಎಂ.ಜಿ.ಆರ್., ಜಯಲಲಿತಾ, ಕರುಣಾನಿಧಿ ಎಲ್ಲರ ಪಾರ್ಥಿವ ಶರೀರಗಳನ್ನೂ ಜನ ಕಡೆಯ ಸಲ ಕಂಡದ್ದು ಈ ಮೆಟ್ಟಿಲುಗಳ ಮೇಲೆಯೇ. ಔತಣದ ಮನೆ ತಮಿಳುನಾಡಿನ ಶೋಕದ ಮನೆಯಾಯಿತು.

ಅದೇ ಆವರಣದಲ್ಲಿ ಸರ್ಕಾರದ ಜಾಗದ ಇನ್ನೊಂದು ಕಥೆ ಇದೆ. ಹಳೆಯ ಗವರ್ನಮೆಂಟ್ ಹೌಸನ್ನು ಕೆಡವಿ, ಕರುಣಾನಿಧಿಯವರ ಸರ್ಕಾರ ಅಲ್ಲಿ ಹೊಸ ವಿಧಾನಸಭೆ ಮತ್ತು ಸಚಿವಾಲಯ ಕಟ್ಟಿಸಿತು. 2010ರ ಮಾರ್ಚ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟಿಸಿದರು. ಮರುವರ್ಷ ಅಧಿಕಾರಕ್ಕೆ ಬಂದ ಜಯಲಲಿತಾ ಕೋಟೆಯೊಳಗಿನ ಹಳೆಯ ಸಭಾಂಗಣಕ್ಕೇ ಮರಳಿದರು. 2014ರಲ್ಲಿ ಹೊಸ ಕಟ್ಟಡ ಮಲ್ಟಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಾಯಿತು. ಶಾಸಕರು ಓಡಾಡಬೇಕಾಗಿದ್ದ ಕಡೆ ಈಗ ಚೀಟಿ ಹಿಡಿದ ರೋಗಿಗಳು ಓಡಾಡುತ್ತಾರೆ. ಮಂತ್ರಿಗಳಿಗಿಂತ ಇವರಿಗೇ ಈ ಕಟ್ಟಡದ ಅಗತ್ಯ ಹೆಚ್ಚಿತ್ತು ಎಂದು ಹೊರಗೆ ಚಹಾ ಮಾರುತ್ತಿದ್ದವನ ಅಭಿಪ್ರಾಯ. ಅವನು ಯಾವ ಪಕ್ಷದವನೆಂದು ನಾನು ಕೇಳಲಿಲ್ಲ.

ಪ್ರತಿಮೆಗಳಿಗೂ ಇಲ್ಲಿ ಬಾಡಿಗೆಯ ಕರಾರೇ. 1857ರಲ್ಲಿ ಅಲಹಾಬಾದಿನಲ್ಲಿ ಜನರನ್ನು ಸಾಲುಸಾಲಾಗಿ ಕೊಲ್ಲಿಸಿದ ಜೇಮ್ಸ್ ನೀಲ್‌ನ ಪ್ರತಿಮೆ ಸ್ಪೆನ್ಸರ್ ಅಂಗಡಿಯ ಬಳಿ ಇತ್ತು. 1927ರಲ್ಲಿ ಅದನ್ನು ತೆಗೆಯಿರೆಂದು ಸತ್ಯಾಗ್ರಹ ನಡೆಯಿತು, ಜನ ಜೈಲಿಗೆ ಹೋದರು. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಅದನ್ನು ಮ್ಯೂಸಿಯಮ್ಮಿಗೆ ಸಾಗಿಸಿತು. 1970ರ ದಶಕದಲ್ಲಿ ಇದೇ ರಸ್ತೆಯಲ್ಲಿ ನಿಂತ ಕರುಣಾನಿಧಿಯವರ ಪ್ರತಿಮೆಯನ್ನು 1987ರ ಡಿಸೆಂಬರಿನಲ್ಲಿ, ಎಂ.ಜಿ.ಆರ್. ತೀರಿಕೊಂಡ ಹೊತ್ತಿನ ಗಲಭೆಯಲ್ಲಿ ಒಡೆದು ಹಾಕಿದರು. 2022ರಲ್ಲಿ ಹೊಸ ಪ್ರತಿಮೆ ಓಮಂದೂರಾರ್ ಎಸ್ಟೇಟಿನಲ್ಲಿ ಎದ್ದಿತು. ಎಲ್ಲರನ್ನೂ ಎಬ್ಬಿಸಿದ ಊರು ಮನ್ರೋನನ್ನು ಮಾತ್ರ ಎಬ್ಬಿಸಲಿಲ್ಲ.

'ದಿ ಹಿಂದೂ' ಕಚೇರಿ ದಾಟಿ ಅಣ್ಣಾ ಪ್ರತಿಮೆಯ ಕಡೆ ಬಂದಾಗ ಚಿಕ್ಕಪ್ಪನ ನಡಿಗೆಗೆ ಹುರುಪು ಬಂತು. ಹಳಬರು ರೌಂಡ್‌ಠಾಣಾ ಎನ್ನುವ ಈ ವೃತ್ತದ ಸುತ್ತ ಒಂದು ಕಾಲದಲ್ಲಿ ಸಿನಿಮಾದ್ದೇ ರಾಜ್ಯ. 1913ರ ಎಲೆಕ್ಟ್ರಿಕ್ ಥಿಯೇಟರ್ ಇಲ್ಲೇ ಇತ್ತು. ಎರಡೇ ವರ್ಷಗಳಲ್ಲಿ ಅದನ್ನು ಅಂಚೆ ಇಲಾಖೆ ಕೊಂಡಿತು. ಮೂಕಿಚಿತ್ರ ಓಡಿದ ಆ ಹಾಲಿನಲ್ಲಿ ಅಂಚೆಚೀಟಿ ಸಂಗ್ರಹಕಾರರ ಕೌಂಟರು ಬಂತು. ನನ್ನ ಲೆಕ್ಕದಲ್ಲಿ ಈ ರಸ್ತೆಯ ಅದೃಷ್ಟವಂತ ಟಾಕೀಸು ಇದೇ. ಬೇಗ ಸೋತದ್ದರಿಂದ ಉಳಿಯಿತು.

ಗೆದ್ದವುಗಳ ಗತಿ ಬೇರೆ. 1914ರಲ್ಲಿ ರಘುಪತಿ ವೆಂಕಯ್ಯ ಕಟ್ಟಿದ ಗೇಯಿಟಿ, ಭಾರತೀಯನೊಬ್ಬ ಮದರಾಸಿನಲ್ಲಿ ಕಟ್ಟಿಸಿದ ಮೊದಲ ಚಿತ್ರಮಂದಿರ, ನೆಲಸಮವಾಯಿತು. ಎಲ್ಫಿನ್‌ಸ್ಟನ್, ವೆಲ್ಲಿಂಗ್ಟನ್ ಇದ್ದಲ್ಲಿ ವ್ಯಾಪಾರ ಸಂಕೀರ್ಣಗಳಿವೆ. ಒಂದೇ ಸೂರಿನಡಿ ಮೂರು ಪರದೆಗಳನ್ನಿಟ್ಟು 1964ರಲ್ಲಿ ಊರಿಗೆ ಊರನ್ನೇ ಬೆರಗುಗೊಳಿಸಿದ ಸಫೈರ್ ಹೋಯಿತು, ಆನಂದ್ ಹೋಯಿತು. ಶಿವಾಜಿ ಗಣೇಶನ್ ಕುಟುಂಬದ ಶಾಂತಿ 1961ರಿಂದ 2016ರವರೆಗೆ ನಡೆದು ಬಾಗಿಲು ಹಾಕಿತು. ದೇವಿ, ಕ್ಯಾಸಿನೋ ಇನ್ನೂ ಇವೆ.

"ಶಾಂತಿಯಲ್ಲಿ ಎ.ಸಿ. ಹಾಕ್ತಿದ್ರು ಮಾರಾಯ. ಸಿನಿಮಾ ಅರ್ಥ ಆಗದಿದ್ದರೂ ಮೂರು ಗಂಟೆ ತಂಪು. ರೂಮಿನಲ್ಲಿ ಫ್ಯಾನೂ ಇರಲಿಲ್ಲ ನಮಗೆ."

"ಸ್ವಂತ ಜಾಗ, ಸ್ವಂತ ಥಿಯೇಟರು. ಆದ್ರೂ ಯಾಕೆ ಹೋಯ್ತು ಚಿಕ್ಕಪ್ಪ? ನಿಮ್ಮ ಲೆಕ್ಕ ತಪ್ಪಲ್ವಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿಕೆಟಿನಲ್ಲಿ ಬರುವ ದುಡ್ಡಿಗಿಂತ ನೆಲದ ಬಡ್ಡಿ ಹೆಚ್ಚಾದರೆ ಯಜಮಾನನೂ ಬಾಡಿಗೆಯವನೇ" ಎಂದರು.

ಇದನ್ನು ಅರ್ಥ ಮಾಡಿಕೊಳ್ಳಲು ಮೌಂಟ್ ರೋಡಿನ ಗಿರಾಕಿ ಯಾರೆಂದು ನೋಡಬೇಕು. ಮೊದಲು ಅವನು ಚೌಲ್ಟ್ರಿ ಪ್ಲೇನ್ ಎನ್ನುತ್ತಿದ್ದ ಬಯಲಿನ ತೋಟದ ಬಂಗಲೆಗಳಿಂದ ಕೋಟೆಗೆ ಗಾಡಿಯಲ್ಲಿ ಹೋಗುವ ದೊರೆ. ಅವನಿಗಾಗಿ ವಾಚು, ಪುಸ್ತಕ, ಔಷಧಿ, ಸಾರೋಟು, ಸೀಮೆಯ ತಿಂಡಿ. ಆಮೇಲಿನವನು ಸಂಬಳದ ಗುಮಾಸ್ತ. ಅವನಿಗಾಗಿ ವಿಮೆ, ಪತ್ರಿಕೆ, ಸಿನಿಮಾ, ಹೋಟೆಲು. ಕಡೂರಿನಿಂದ ಕಡಲೂರಿನವರೆಗೆ ಯಾರು ಮದರಾಸಿಗೆ ಬಂದರೂ ಒಂದು ಸಂಜೆ ಮೌಂಟ್ ರೋಡಿನಲ್ಲಿ ಅಡ್ಡಾಡದೆ ಊರಿಗೆ ಮರಳುತ್ತಿರಲಿಲ್ಲ. ಸೀರೆ, ಒಡವೆಯ ವ್ಯಾಪಾರ ಟಿ. ನಗರಕ್ಕೆ ಸರಿಯಿತು, ಕಂಪ್ಯೂಟರಿನ ನೌಕರಿಗಳು ಹಳೆಯ ಮಹಾಬಲಿಪುರಂ ರಸ್ತೆಯ ಕಡೆ ಹೋದವು, ಸಿನಿಮಾ ಮಾಲ್‌ಗಳ ಒಳಗೆ ಸೇರಿಕೊಂಡಿತು. ಗಿರಾಕಿ ಚದುರಿಹೋದ. ನೆಲದ ಬೆಲೆ ಮಾತ್ರ ಇಳಿಯಲಿಲ್ಲ. ಇಲ್ಲಿನ ಕಟ್ಟಡಗಳನ್ನು ಹಿಂಡುತ್ತಿರುವುದು ಈ ಎರಡರ ನಡುವಿನ ಅಂತರ.

ಮೌಂಟ್ ರೋಡಿನ ಹೋಟೆಲುಗಳ ಚರಿತ್ರೆಯಲ್ಲಿ ನಮ್ಮವರ ಹೆಸರೂ ಇದೆ. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು ಇಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ಹತ್ತಿರದ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮಾಂಸಾಹಾರಿಗಳಿಗೆ 1951ರಲ್ಲಿ ಶುರುವಾದ ಬುಹಾರಿ. 'ಚಿಕನ್ 65' ಹುಟ್ಟಿದ್ದು ತಮ್ಮ ಅಡುಗೆಮನೆಯಲ್ಲೇ, 1965ರಲ್ಲಿ ಎಂದು ಬುಹಾರಿಯವರು ಹೇಳಿಕೊಳ್ಳುತ್ತಾರೆ. ಚಿಕ್ಕಪ್ಪ ಅದರ ಮುಂದೆ ಹೆಜ್ಜೆ ಚುರುಕು ಮಾಡಿದರು. ಹಳೆಯ ನೆನಪೊಂದು ಇದ್ದಂತಿತ್ತು, ಚಿಕ್ಕಮ್ಮನಿಗೆ ಹೇಳಬಾರದ್ದು.

ಎಲ್.ಐ.ಸಿ. ಕಟ್ಟಡದ ಕಡೆ ನಡೆಯುವಾಗ ಹಿಗ್ಗಿನ್‌ಬಾಥಮ್ಸ್ ಸಿಕ್ಕಿತು. ಅಬೆಲ್ ಜೋಶುವಾ ಹಿಗ್ಗಿನ್‌ಬಾಥಮ್ 1844ರಲ್ಲಿ ಆರಂಭಿಸಿದ ಪುಸ್ತಕದಂಗಡಿ. ಈಗಿನ ಬಿಳಿ ಕಟ್ಟಡ 1904ರದು. ಬೆಂಗಳೂರಿನ ನಮ್ಮ ಎಂ.ಜಿ. ರಸ್ತೆಯ ಹಿಗ್ಗಿನ್‌ಬಾಥಮ್ಸ್ ಇದರ ತಂಗಿ. ಎತ್ತರದ ಛಾವಣಿ, ಕಮಾನಿನ ಕಿಟಕಿಗಳು, ಪರೀಕ್ಷಾ ಗೈಡುಗಳ ನಡುವೆ ಅಲ್ಲಲ್ಲಿ ಸಾಹಿತ್ಯ. ಇಷ್ಟು ದುಬಾರಿ ನೆಲದ ಮೇಲೆ ಪುಸ್ತಕದಂಗಡಿ ಹೇಗೆ ಉಳಿಯಿತು? ಚಿಕ್ಕಪ್ಪನ ಪ್ರಶ್ನೆಯನ್ನೇ ಕೇಳಿದರೆ ಉತ್ತರ ಸಿಗುತ್ತದೆ. 1940ರ ದಶಕದಲ್ಲಿ ಇದನ್ನು ಕೊಂಡದ್ದು ಎಸ್. ಅನಂತರಾಮಕೃಷ್ಣನ್ ಕಟ್ಟಿದ ಅಮಾಲ್ಗಮೇಷನ್ಸ್ ಸಮೂಹ. ಸೇತುವೆಯ ಬಳಿ ನೋಡಿದ ಸಿಂಪ್ಸನ್ ಕೂಡ ಅವರದೇ, ಆ ಮೇಲ್ ಪತ್ರಿಕೆಯೂ ಅವರದೇ ಆಗಿತ್ತು. ಡೀಸೆಲ್ ಎಂಜಿನ್ನಿನಲ್ಲಿ ದುಡಿಯುವವರು ಪುಸ್ತಕದಂಗಡಿಯ ನೆಲದಿಂದ ದುಡಿಯಬೇಕಾದ ಒತ್ತಾಯವಿಲ್ಲ. ಮೌಂಟ್ ರೋಡಿನಲ್ಲಿ ಉಳಿದುಕೊಂಡ ಚೆಲುವಿನಲ್ಲಿ ದೊಡ್ಡ ಪಾಲು ಹೀಗೆ, ದುಡ್ಡನ್ನು ಬೇರೆಲ್ಲೋ ಸಂಪಾದಿಸುವ ಒಬ್ಬನೇ ಯಜಮಾನನ ಕೈಯಲ್ಲಿದ್ದದ್ದರಿಂದ ಉಳಿದಿದೆ ಎಂದು ನನಗೆ ತೋರುತ್ತದೆ.

ಗಡಿಯಾರದ ಗೋಪುರ ಹೊತ್ತ ಪಿ. ಆರ್ ಅಂಡ್ ಸನ್ಸ್ ಕಟ್ಟಡವೂ ಹಾಗೆಯೇ, 1870ರ ದಶಕದಿಂದ ಅದೇ ವಾಚಿನ ವ್ಯಾಪಾರ. ಆದರೆ ಸ್ವಂತ ಯಜಮಾನನೂ ಸರ್ಕಾರದ ಕೆಲಸಕ್ಕೆ ಜಾಗ ಬಿಡಬೇಕಾಗುತ್ತದೆ. ಚೆನ್ನೈ ಮೆಟ್ರೋಗಾಗಿ ಈ ಆವರಣದ ಹಿಂಭಾಗದ ಹಳೆಯ ಕಟ್ಟಡವೊಂದನ್ನು ಕೆಡವಿದಾಗ ಪರಂಪರೆಯ ಕಾಳಜಿ ಇದ್ದವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು.

ಅಲ್ಲಿಂದ ಹೆಚ್ಚು ದೂರವಿಲ್ಲದ ಭಾರತ್ ಇನ್ಶೂರೆನ್ಸ್ ಕಟ್ಟಡದ ಮುಂದೆ ನಿಂತಾಗ ನನ್ನ ಲೆಕ್ಕಾಚಾರ ಇನ್ನಷ್ಟು ಸ್ಪಷ್ಟವಾಯಿತು. 1897ರಲ್ಲಿ ಡಬ್ಲ್ಯು.ಇ. ಸ್ಮಿತ್ ಎಂಬ ಔಷಧ ವ್ಯಾಪಾರಿಯ ಕಂಪನಿ ಕಟ್ಟಿಸಿದ ಕಾರ್ಡಿಲ್ ಬಿಲ್ಡಿಂಗ್ ಇದು. ಕೆಂಪು ಇಟ್ಟಿಗೆ, ಮಿನಾರು, ಕಮಾನು, ಗುಮ್ಮಟ ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡ ಇಂಡೋ-ಸಾರ್ಸೆನಿಕ್ ಸೊಗಸು. 1930ರ ದಶಕದಲ್ಲಿ ಭಾರತ್ ಇನ್ಶೂರೆನ್ಸ್ ಕಂಪನಿ ಕೊಂಡಿತು. 1956ರಲ್ಲಿ ವಿಮೆ ರಾಷ್ಟ್ರೀಕರಣವಾದಾಗ ಎಲ್.ಐ.ಸಿ.ಯ ಪಾಲಾಯಿತು. 2006ರಲ್ಲಿ ಕೆಡವಲು ಶುರುವಾಯಿತು. ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಮದರಾಸ್ ಹೈಕೋರ್ಟಿಗೆ ಹೋಯಿತು. 2010ರಲ್ಲಿ ಕಟ್ಟಡವನ್ನು ಉಳಿಸಬೇಕೆಂಬ ತೀರ್ಪು ಬಂತು. ನಗರದ ಪರಂಪರೆಯ ಕಟ್ಟಡಗಳಿಗೆಲ್ಲ ರಕ್ಷಣೆಯ ದಾರಿ ತೆರೆದ ತೀರ್ಪು ಅದು. ಆದರೆ ತೀರ್ಪು ಕೆಡವಬೇಡಿ ಎನ್ನಬಲ್ಲದು, ಒಳಗೆ ಬಂದು ಅಂಗಡಿ ತೆರೆಯಿರಿ ಎಂದು ಯಾರಿಗೂ ಹೇಳಲಾರದು. ಅರ್ಧ ಕಳಚಿದ ಗೋಡೆಗಳ ಸಂದಿನಲ್ಲಿ ಅರಳಿ ಸಸಿಗಳು ಬೇರು ಬಿಟ್ಟಿವೆ. ಕೋರ್ಟಿನಲ್ಲಿ ಗೆದ್ದ ಕಟ್ಟಡ ಬೀದಿಯಲ್ಲಿ ಸೋಲುತ್ತಿದೆ.

ಎಲ್.ಐ.ಸಿ.ಯ ಎತ್ತರದ ಕಟ್ಟಡವೂ ಇದೇ ರಸ್ತೆಯಲ್ಲಿದೆ. ಉದ್ಯಮಿ ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್ ತಮ್ಮ ವಿಮಾ ಕಂಪನಿಗೆಂದು ಆರಂಭಿಸಿದ್ದು. 1954ರಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಕಂಪನಿಯನ್ನು ರಾಷ್ಟ್ರೀಕರಣ ನುಂಗಿತು. 1959ರಲ್ಲಿ ಕಟ್ಟಡ ತೆರೆದಾಗ ಅದು ದೇಶದಲ್ಲೇ ಅತಿ ಎತ್ತರದ್ದು. 'ಪದಿನಾಲು ಮಾಡಿ', ಹದಿನಾಲ್ಕು ಮಹಡಿ, ಎಂದು ಜನ ಕತ್ತೆತ್ತಿ ಎಣಿಸುತ್ತಿದ್ದರು. ಹಳ್ಳಿಯ ನಾಯಕ ಮದರಾಸಿಗೆ ಬಂದನೆಂದು ತೋರಿಸಲು ಸಿನಿಮಾದವರಿಗೆ ಸೆಂಟ್ರಲ್ ಸ್ಟೇಷನ್ ಆದ ಮೇಲೆ ಈ ಕಟ್ಟಡದ ಒಂದು ಶಾಟ್ ಸಾಕಿತ್ತು. "ಆ ಶಾಟನ್ನು ಎಷ್ಟು ಸಲ ಅಂಟಿಸಿದ್ದೇನೋ, ಲೆಕ್ಕ ಇಲ್ಲ" ಎಂದರು ಚಿಕ್ಕಪ್ಪ. 1975ರಲ್ಲಿ ಬೆಂಕಿ ಬಿದ್ದರೂ ದುರಸ್ತಿಯಾಗಿ ಮತ್ತೆ ಫೈಲುಗಳು ಸೇರಿಕೊಂಡವು. ಎರಡು ಕಟ್ಟಡಗಳಿಗೂ ಯಜಮಾನ ಒಬ್ಬನೇ. ಒಂದಕ್ಕೆ ಕೆಲಸವಿದೆ, ಇನ್ನೊಂದಕ್ಕಿಲ್ಲ.

ವೈಟ್‌ವೇ ಲೇಡ್ಲಾ ಎಂಬ ಬಿಳಿಯರ ಬಟ್ಟೆಯಂಗಡಿ ಇದ್ದ ಜಾಗ 'ಸ್ವದೇಶಮಿತ್ರನ್' ತಮಿಳು ಪತ್ರಿಕೆಯ ವಿಕ್ಟರಿ ಹೌಸ್ ಆಯಿತು, ಆಮೇಲೆ ವಿ.ಜಿ.ಪಿ.ಯವರದಾಯಿತು. ವಿ.ಜಿ. ಪನ್ನೀರ್‌ದಾಸ್ ಕಂತಿನ ಮೇಲೆ ಫ್ಯಾನು, ರೇಡಿಯೋ, ಫ್ರಿಜ್ ಕೊಟ್ಟು ಮಧ್ಯಮವರ್ಗದ ಮನೆಗಳೊಳಗೆ ನುಗ್ಗಿದವರು. ಚಿಕ್ಕಪ್ಪನ ರೂಮಿಗೆ ಕಡೆಗೂ ಫ್ಯಾನು ಬಂದದ್ದು ಅವರ ಕಂತಿನಿಂದಲೇ.

ಸ್ಪೆನ್ಸರ್ ಬಳಿ ಬಂದಾಗ ಬಿಸಿಲು ಏರಿತ್ತು. 1860ರ ದಶಕದಲ್ಲಿ ಹುಟ್ಟಿ, 1890ರ ದಶಕದಲ್ಲಿ ಇಲ್ಲಿ ಕೆಂಪು ಇಟ್ಟಿಗೆಯ ಅರಮನೆಯಂಥ ಅಂಗಡಿ ಕಟ್ಟಿಸಿ, ರೈಲುಗಳ ಊಟದ ಡಬ್ಬಿಯಿಂದ ಬೆಂಗಳೂರು ದಂಡಿನ ಮನೆಗಳ ಚೀಸ್‌ವರೆಗೆ ಪೂರೈಸಿದ ಕಂಪನಿ. 1983ರಲ್ಲಿ ಆ ಕಟ್ಟಡ ಸುಟ್ಟುಹೋಯಿತು. ಅಲ್ಲಿ ಎದ್ದದ್ದು ಸ್ಪೆನ್ಸರ್ ಪ್ಲಾಜಾ, ದೇಶದ ಮೊದಮೊದಲ ಮಾಲ್‌ಗಳಲ್ಲಿ ಒಂದು. ತೊಂಬತ್ತರ ದಶಕದಲ್ಲಿ ಚೆನ್ನೈಗೆ ಬಂದವರಿಗೆಲ್ಲ ಅದೊಂದು ಬೆರಗು. ಈಗ ಒಳಗೆ ಹೋದರೆ ಎಷ್ಟೋ ಷಟರುಗಳು ಮುಚ್ಚಿವೆ. ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರಿದ್ದರಿಂದ ಯಜಮಾನರು ಲೆಕ್ಕಕ್ಕೇ ಸಿಗದಷ್ಟು ಮಂದಿ. ಇಡೀ ಮಾಲನ್ನು ಹೊಸದು ಮಾಡೋಣವೆಂದರೆ ಎಲ್ಲರೂ ಒಪ್ಪಬೇಕು. ಆಸ್ತಿಗೆ ಪಾಲುದಾರರು ಹೆಚ್ಚಾದ ಹಳೇ ವಾಡೆಯ ಹೆಂಚು ಯಾರೂ ಹೊದಿಸದ ಹಾಗೆ. ಪಕ್ಕದಲ್ಲೇ, ಬಿಳಿಯರ ಮದರಾಸ್ ಕ್ಲಬ್ಬಾಗಿದ್ದು ಆಮೇಲೆ ಗೋಯೆಂಕಾರ ಎಕ್ಸ್‌ಪ್ರೆಸ್ ಪತ್ರಿಕಾ ಎಸ್ಟೇಟ್ ಆದ ಜಾಗದಲ್ಲಿ 2010ರಲ್ಲಿ ಎಕ್ಸ್‌ಪ್ರೆಸ್ ಅವೆನ್ಯೂ ತೆರೆಯಿತು. ಒಂದೇ ಕೈಯ ಮಾಲ್. ಜನ ಅಲ್ಲಿಗೆ ಹೋದರು. ಕ್ಲಬ್ಬಿನ ಹಳೆಯ ಕಟ್ಟಡ ಮಾತ್ರ ಯಾರ ಪಾಲಿಗೂ ಉಳಿಯಲಿಲ್ಲ. ಒಬ್ಬನೇ ಯಜಮಾನನಿದ್ದರೆ ವ್ಯಾಪಾರಕ್ಕೆ ಒಳ್ಳೆಯದು, ಕಟ್ಟಡಕ್ಕೆ ಒಳ್ಳೆಯದೇ ಆಗಬೇಕೆಂದಿಲ್ಲ.

ಇಲ್ಲಿಂದ ಮುಂದೆ ಪಾದಚಾರಿಗಳು ವಿರಳ. 2017ರ ಏಪ್ರಿಲ್‌ನಲ್ಲಿ ಮೆಟ್ರೋ ಸುರಂಗ ಕೊರೆಯುವಾಗ ರಸ್ತೆ ಕುಸಿದು ಒಂದು ಬಸ್ಸು, ಒಂದು ಕಾರು ಹಳ್ಳಕ್ಕೆ ಇಳಿದದ್ದು ಈ ಭಾಗದಲ್ಲೇ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2019ರಿಂದ ರಸ್ತೆಯ ಕೆಳಗೆ ರೈಲು ಓಡುತ್ತಿದೆ. ಮೆಟ್ರೋದಲ್ಲಿ ಹೋಗುವವನಿಗೆ ಎಲ್.ಐ.ಸಿ. ಎಂದರೆ ಧ್ವನಿವರ್ಧಕ ಕೂಗುವ ಒಂದು ನಿಲ್ದಾಣ. ಅಂಗಡಿಯ ಗಾಜಿನಲ್ಲಿ ಕಂಡದ್ದಕ್ಕೆ ಆಸೆಪಟ್ಟು ಒಳನುಗ್ಗುವ ಗಿರಾಕಿ ನೆಲದಡಿಯಲ್ಲಿ ಸಿಗುವುದಿಲ್ಲ. ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಮೇಲೆ ಹೋಯಿತು, ಇಲ್ಲಿ ಕೆಳಗೆ. ಎರಡೂ ಕಡೆ ಅಡ್ಡಾಡುವವನೇ ಕಡಿಮೆಯಾದ.

ನಮ್ಮ ನಡಿಗೆ ಮುಗಿದದ್ದು ಜೆಮಿನಿ ಮೇಲ್ಸೇತುವೆಯಲ್ಲಿ. 1973ರಲ್ಲಿ ಕಟ್ಟಿದ ಇದರ ಅಧಿಕೃತ ಹೆಸರು ಅಣ್ಣಾ ಮೇಲ್ಸೇತುವೆ. ಎಸ್.ಎಸ್. ವಾಸನ್ 'ಚಂದ್ರಲೇಖಾ' ತೆಗೆದ ಜೆಮಿನಿ ಸ್ಟುಡಿಯೋದ ಜಾಗದಲ್ಲಿ ಈಗ ಕಚೇರಿಗಳು, ಫ್ಲಾಟುಗಳು. ಮಗ್ಗುಲ ಕೆಥೀಡ್ರಲ್ ರಸ್ತೆಯಲ್ಲಿ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. 1962ರಿಂದ ಮರಗಳ ನೆರಳಲ್ಲಿ ಕಾರು ನಿಲ್ಲಿಸಿದವರಿಗೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಕಾರಿಲ್ಲದ ಚಿಕ್ಕಪ್ಪನಂಥವರು ಒಳಗೆ ಒಂದು ಕಾಫಿ ಹಿಡಿದು ಅರ್ಧ ದಿನ ಕಥೆ ಚರ್ಚಿಸುತ್ತಿದ್ದರು. ಜಾಗ ಲೀಸಿನದು. 2008ರಲ್ಲಿ ಹೋಟೆಲು ಮುಚ್ಚಿತು, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸರ್ಕಾರಿ ಉದ್ಯಾನ ತೆರೆಯಿತು.

ಉದ್ಯಾನ ಚೆನ್ನಾಗಿದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಡ್ರೈವ್-ಇನ್ ಮುಚ್ಚುವಾಗ ಪರಂಪರೆಯ ಹೆಸರಿನಲ್ಲಿ ಅದನ್ನು ಉಳಿಸಲು ಯಾರಿಗೂ ದಾರಿಯಿರಲಿಲ್ಲ. ತೋರಿಸಲು ಗುಮ್ಮಟವಿಲ್ಲ, ಕಮಾನಿಲ್ಲ. ಇದ್ದದ್ದು ಒಂದು ರೂಢಿ ಮಾತ್ರ. ನಮ್ಮ ಕಾನೂನುಗಳಿಗೆ ಕಟ್ಟಡ ಕಾಣಿಸುತ್ತದೆ, ಅದರೊಳಗಿನ ವ್ಯಾಪಾರ ಕಾಣಿಸುವುದಿಲ್ಲ. ಹಾಗಾಗಿ ವ್ಯಾಪಾರವಿಲ್ಲದ ಭಾರತ್ ಕಟ್ಟಡಕ್ಕೆ ತೀರ್ಪು ಸಿಕ್ಕಿತು, ಹೇಳಿಕೊಳ್ಳುವಂಥ ಕಟ್ಟಡವಿಲ್ಲದ ಡ್ರೈವ್-ಇನ್‌ಗೆ ನೋಟೀಸು ಸಿಕ್ಕಿತು. ಬೆಂಗಳೂರಿನಲ್ಲಿ ಹಳೆಯ ಹೋಟೆಲೊಂದು ಮುಚ್ಚಿದಾಗಲೆಲ್ಲ ನಾವು ಅದರ ಫೋಟೋ ಹಂಚಿಕೊಂಡು ಮರುಗುತ್ತೇವೆ. ಮರುಗುವ ಮೊದಲು ಅಲ್ಲಿ ಕೂತು ಒಂದು ಬಿಲ್ ಕೊಟ್ಟಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ಒಪ್ಪಿದರು, ಜೊತೆಗೆ ಒಂದು ತಿದ್ದುಪಡಿ ಸೇರಿಸಿದರು: "ಹೌದು, ಆದರೆ ಒಂದು ಕಾಫಿಗೆ ಅರ್ಧ ದಿನ ಕೂತ ನಮ್ಮಂಥವರಿಂದಲೂ ಹೋಟೆಲು ಉಳಿಯುವುದಿಲ್ಲ ಮಾರಾಯ."